‘ಇಲ್ಲ’ ಅಂದ ಮೇಲೆ ಎಲ್ಲಿಗೆ ಹೋಗಲಿ?

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಹುಡುಗನಿಗೂ ಹೆತ್ತವರಿಗೂ ಓದಿ ತೋರಿಸಿ, ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಹುಡುಗನಿಗೆ 15 ವರ್ಷ. ಮೊದಲು ಕ್ಲಾಸಿಗೆ ಚಕ್ಕರ್, ಆಮೇಲೆ ಮನೆಯಲ್ಲಿ ದುಡ್ಡು ಕಾಣೆ, ಆಮೇಲೆ ಲೈಸೆನ್ಸ್ ಇಲ್ಲದೆ ಬೈಕು. ಕೊನೆಗೆ ತನಗಿಂತ ದೊಡ್ಡ ಹುಡುಗರ ಜೊತೆ ಅಂಗಡಿಯಲ್ಲಿ ಮೊಬೈಲ್ ಕದಿಯಲು ಹೋಗಿ ಸಿಕ್ಕಿಬಿದ್ದ. ಅಂಗಡಿಯವರು ದೂರು ಕೊಡದೆ ಬಿಟ್ಟರು.

ನಾನು ಇಂಥ ಹುಡುಗರ ಜೊತೆ ಕೂತು ಮಾತಾಡಿ ದಾರಿ ಹುಡುಕಲು ನೆರವಾಗುವ ಕೋಚ್. ಅವನ ಅಪ್ಪ ನನ್ನ ಬಳಿ ಬಂದಿದ್ದು ಸಲಹೆ ಕೇಳೋಕಲ್ಲ, ಒಪ್ಪಿಗೆ ಪಡೆಯೋಕೆ. ಕೈಯಲ್ಲಿ ಶಿಬಿರವೊಂದರ ಕರಪತ್ರ ಇತ್ತು. “ಮೂರು ವಾರ ಅಲ್ಲೇ ಇಟ್ಕೋತಾರೆ ಮೇಡಂ. ನಸುಕಿನಲ್ಲೇ ಎಬ್ಬಿಸಿ ಓಡಿಸ್ತಾರೆ. ಒಂದು ದಿನ ಜೈಲಿಗೂ ಕರ್ಕೊಂಡು ಹೋಗ್ತಾರಂತೆ. ಅಲ್ಲಿರೋರನ್ನ ನೋಡಿದ್ರೆ ತಾನಾಗೇ ಬುದ್ಧಿ ಬರುತ್ತೆ.” ಅಮ್ಮ ಸುಮ್ಮನೆ ಕೂತಿದ್ದರು.

ಮೊದಲು ಹುಡುಗನ ಜೊತೆ ಒಬ್ಬಳೇ ಮಾತಾಡಬೇಕು ಅಂದೆ. ನೀನು ಹೇಳಿದ್ದು ನನ್ನಲ್ಲೇ ಇರುತ್ತೆ, ಆದರೆ ನಿನ್ನ ಅಥವಾ ಬೇರೆಯವರ ಜೀವಕ್ಕೆ ಅಪಾಯ ಇದ್ದರೆ ದೊಡ್ಡವರಿಗೆ ತಿಳಿಸಲೇಬೇಕಾಗುತ್ತೆ ಅಂತ ಅವನಿಗೆ ಮುಂಚೆಯೇ ಹೇಳಿದೆ. ಈ ಮಾತನ್ನು ನಡುವೆ ಹೇಳಿದರೆ ಹುಡುಗರು ಬಾಯಿ ಮುಚ್ಚಿಬಿಡುತ್ತಾರೆ. ನಶೆ, ತನಗೆ ತಾನೇ ಗಾಯ ಮಾಡಿಕೊಳ್ಳುವುದು, ಸಾಯಬೇಕು ಅನ್ನಿಸುವುದು, ಮನೆಯಲ್ಲಿ ಹೊಡೆತ, ಎಲ್ಲವನ್ನೂ ನೇರವಾಗಿ ಕೇಳಿದೆ. ಅಂಥದ್ದೇನೂ ಇರಲಿಲ್ಲ. ಇದ್ದಿದ್ದರೆ ಮೊದಲು ವೈದ್ಯರು ಅಥವಾ ಮಕ್ಕಳ ರಕ್ಷಣೆಯ ಮಾತು, ಕೋಚಿಂಗ್ ಎಲ್ಲ ಆಮೇಲೆ.

ಹಿಂದಿನ ವರ್ಷ ಅವನನ್ನು ಒಂದು ಜೀವನ ಕೌಶಲ ತರಬೇತಿಗೆ ಕಳಿಸಿದ್ದರು. ವಾರಕ್ಕೊಂದು ತರಗತಿ, ಕೊನೆಗೆ ಸರ್ಟಿಫಿಕೇಟು. ಏನು ಕಲಿಸಿದರು ಅಂತ ಕೇಳಿದೆ.

“ಯಾರಾದ್ರೂ ತಪ್ಪು ಕೆಲಸಕ್ಕೆ ಕರೆದ್ರೆ ಇಲ್ಲ ಅನ್ನೋದು.”

“ಅಂದು ನೋಡಿದ್ಯಾ?”

“ಇಲ್ಲ ಅಂದ್ರೆ ಆಮೇಲೆ ಎಲ್ಲಿಗೆ ಹೋಗ್ಲಿ? ನನ್ನ ಹತ್ರ ಮಾತಾಡೋರು ಅವರೇ ತಾನೇ?”

ಇನ್ನೊಂದು ವಿಷಯವೂ ಹೊರಬಂತು. ಮೊಬೈಲ್ ಕದಿಯೋಕೆ ಕರೆದ ಹುಡುಗ ಸಿಕ್ಕಿದ್ದೇ ಆ ತರಗತಿಯಲ್ಲಿ! ಬೇರೆ ಬೇರೆ ಶಾಲೆಗಳ ‘ತೊಂದರೆ ಹುಡುಗರನ್ನು’ ಆರಿಸಿ ಒಂದೇ ಕೋಣೆಯಲ್ಲಿ ಕೂರಿಸಿದ್ದರು. ಕ್ಲಾಸು ಮುಗಿದ ಮೇಲೆ ಒಬ್ಬೊಬ್ಬನೂ ತಾನು ಏನು ಮಾಡಿ ಬಂದೆ ಅಂತ ಹೇಳಿಕೊಳ್ಳುತ್ತಿದ್ದ. ಯಾರದ್ದು ದೊಡ್ಡ ಕತೆಯೋ ಅವನಿಗೇ ಜಾಸ್ತಿ ನಗು, ಜಾಸ್ತಿ ಮರ್ಯಾದೆ.

ಇದು ಈ ಒಬ್ಬ ಹುಡುಗನ ಕತೆ ಮಾತ್ರ ಅಲ್ಲ. ಥಾಮಸ್ ಡಿಷನ್, ಜೋನ್ ಮೆಕಾರ್ಡ್ ಮತ್ತು ಫ್ರಾಂಸ್ವಾ ಪುಲಾ ಎಂಬ ಸಂಶೋಧಕರು 1999ರಲ್ಲೇ ಎಚ್ಚರಿಸಿದ್ದರು: ದಾರಿ ತಪ್ಪುತ್ತಿರುವ ಮಕ್ಕಳನ್ನಷ್ಟೇ ಗುಂಪು ಮಾಡಿ ಕೂರಿಸಿದರೆ, ಒಬ್ಬರಿಂದೊಬ್ಬರು ಕಲಿತು ನಡತೆ ಇನ್ನಷ್ಟು ಕೆಡಬಹುದು. ಈ ವಯಸ್ಸಿಗೆ ಗೆಳೆಯರ ಕಣ್ಣು ಅಂದರೆ ಅಷ್ಟು ದೊಡ್ಡದು. ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹದಿಹರೆಯದವರು ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಆಡಿದರು. ಒಬ್ಬರೇ ಇದ್ದಾಗಿನದಕ್ಕಿಂತ ಓರಗೆಯವರು ಜೊತೆಗಿದ್ದಾಗ ಬಹಳ ಹೆಚ್ಚು ಅಪಾಯಕ್ಕೆ ಕೈಹಾಕಿದರು. ದೊಡ್ಡವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ.

ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಜೈಲು ತೋರಿಸಿ ಹೆದರಿಸುವ ಉಪಾಯವೂ ಹಳೆಯದೇ. ಅಮೆರಿಕದ ನ್ಯೂಜೆರ್ಸಿಯ ರಾವೇ ಜೈಲಿನಲ್ಲಿ 1970ರ ದಶಕದಲ್ಲಿ ನಡೆದ ಇಂಥ ಕಾರ್ಯಕ್ರಮ ತುಂಬಾ ಹೆಸರು ಮಾಡಿತ್ತು. ಅದನ್ನೂ ಅದರಂಥವನ್ನೂ ಒಟ್ಟಿಗೆ ಪರಿಶೀಲಿಸಿದಾಗ ಗೊತ್ತಾಗಿದ್ದು, ಏನೂ ಮಾಡದೆ ಬಿಟ್ಟ ಮಕ್ಕಳಿಗಿಂತ ಜೈಲು ನೋಡಿ ಬಂದವರೇ ಮುಂದೆ ಜಾಸ್ತಿ ತಪ್ಪು ಮಾಡಿದ್ದರು ಅಂತ. “ಹಾಗಾದ್ರೆ ಸುಮ್ನೆ ಕೂರೋದಾ?” ಅಂತ ಅಪ್ಪ ಸಿಟ್ಟಾದರು. ನ್ಯಾಯವಾದ ಸಿಟ್ಟೇ.

ಸುಮ್ಮನೆ ಕೂರುವುದು ಬೇಡ, ಕಾರ್ಯಕ್ರಮವನ್ನು ಸರಿಯಾಗಿ ಆರಿಸೋಣ ಅಂದೆ. ಕರಪತ್ರದಲ್ಲಿ ಏನೇನು ಕಲಿಸುತ್ತಾರೆ ಅನ್ನುವುದನ್ನು ನಾನು ಕೊನೆಗೆ ಓದುತ್ತೇನೆ. ನಿರ್ಧಾರ ಮಾಡುವುದು, ಸಿಟ್ಟು ತಡೆಯುವುದು, ಬೇರೆಯವರ ಕಷ್ಟ ಅರಿಯುವುದು ಅಂತ ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಹೇಳಿದ ಹತ್ತು ಕೌಶಲಗಳನ್ನೇ ಬಹುತೇಕ ಎಲ್ಲರೂ ಮುದ್ರಿಸಿರುತ್ತಾರೆ. ನಾನು ಕೇಳಲು ಹೇಳಿದ್ದು ಬೇರೆ. ಪಕ್ಕದಲ್ಲಿ ಯಾರು ಕೂರುತ್ತಾರೆ? ಎಲ್ಲ ತರದ ಮಕ್ಕಳೂ ಇದ್ದಾರಾ? ಬರೀ ಭಾಷಣವೋ, ಎದ್ದು ನಿಂತು ಅಭ್ಯಾಸ ಮಾಡಿಸುತ್ತಾರೋ? ಒಬ್ಬನೇ ಕೋಚ್ ಕೊನೆಯವರೆಗೂ ಇರುತ್ತಾನಾ? ಮುಗಿದ ಮೇಲೆ ಯಾರು?

ಕೊನೆಗೆ ಆರಿಸಿದ್ದು ಒಂದು ಸೈಕಲ್ ರಿಪೇರಿ ಕೂಟ. ನಾನಾ ವಯಸ್ಸಿನ ಮಕ್ಕಳು ಬರುತ್ತಾರೆ, ಯಾರ ಹಣೆಯ ಮೇಲೂ ಚೀಟಿ ಇಲ್ಲ. ಅಲ್ಲಿನ ತರುಣನೊಬ್ಬ ವಾರಕ್ಕೊಮ್ಮೆ ಇವನ ಜೊತೆ ಕೂತು ಮಾತಾಡಲು ಒಪ್ಪಿದ. ಹುಡುಗ ಕೇಳಿದ ಪ್ರಶ್ನೆಗೆ ನನ್ನಲ್ಲಿದ್ದ ಉತ್ತರ ಅದೇ: ಮೊದಲು ಹೋಗಲೊಂದು ಜಾಗ, ಆಮೇಲೆ ‘ಇಲ್ಲ’ ಅನ್ನುವ ಪಾಠ.

ಆ ಪಾಠವನ್ನೂ ಬದಲಿಸಿದೆವು. ಗೆಳೆಯರ ಎದುರು ನೆಟ್ಟಗೆ ನಿಂತು ‘ನಾನು ಬರಲ್ಲ’ ಅನ್ನುವುದು ಈ ವಯಸ್ಸಿಗೆ ಜಾಸ್ತಿ ಆಯಿತು. ಮರ್ಯಾದೆ ಉಳಿಸಿಕೊಂಡು ಜಾರಿಕೊಳ್ಳುವುದು ಸಾಕು. ‘ಅವರು ಬೈಕ್ ತಂದರೆ, ನಾನು ಮನೆಗೆ ಮಿಸ್ಡ್ ಕಾಲ್ ಕೊಡ್ತೀನಿ’ ಅಂತ ಅವನೇ ಬರೆದುಕೊಂಡ. ಮಿಸ್ಡ್ ಕಾಲ್ ಬಂದರೆ ಅಪ್ಪ ವಾಪಸ್ ಫೋನ್ ಮಾಡಿ ಜೋರಾಗಿ ಬೈದು ಕರೆಯಬೇಕು. ಮನೆಗೆ ಬಂದ ಮೇಲೆ ಆ ರಾತ್ರಿ ಒಂದು ಪ್ರಶ್ನೆಯೂ ಕೇಳಬಾರದು. ಬೈಯುವ ಭಾಗ ಅಪ್ಪನಿಗೆ ಸುಲಭ ಆಯಿತು! ಪ್ರಶ್ನೆ ಕೇಳದಿರುವುದಕ್ಕೇ ನನ್ನ ಮುಂದೆ ಅಭ್ಯಾಸ ಬೇಕಾಯಿತು.

ಶಾಲೆಯವರಿಗೆ ಒಂದೇ ಕೋರಿಕೆ ಇಟ್ಟೆ. ಅವನು ಬಾರದ ದಿನ ಅದೇ ದಿನ ಮನೆಗೆ ತಿಳಿಸಿ, ತಿಂಗಳ ಕೊನೆಗೆ ಪಟ್ಟಿ ಕಳಿಸಬೇಡಿ.

ಈಗ ವರ್ಷವಾಗುತ್ತಾ ಬಂತು. ಗಣಿತದಲ್ಲಿ ಫೇಲಾಗಿದ್ದಾನೆ. ಹಳೆಯ ಗೆಳೆಯರಲ್ಲಿ ಒಬ್ಬನ ಜೊತೆ ಇನ್ನೂ ತಿರುಗುತ್ತಾನೆ. ಶಾಲೆಗೆ ಹೋಗುತ್ತಾನೆ, ಮನೆಯ ದುಡ್ಡು ಹೋಗಿಲ್ಲ, ಮಿಸ್ಡ್ ಕಾಲ್ ಹಲವು ಸಲ ಬಂದಿದೆ.

ಸದ್ಯದ ಚಿಂತೆ ಬೇರೆ. ಆ ತರುಣನಿಗೆ ದೂರದಲ್ಲಿ ಕೆಲಸ ಸಿಕ್ಕಿದೆ. ಸಂಶೋಧಕರಾದ ಗ್ರಾಸ್‌ಮನ್ ಮತ್ತು ರೋಡ್ಸ್ 2002ರಲ್ಲಿ ತೋರಿಸಿದಂತೆ, ಮೆಂಟರ್ (ಇವನಂತೆ ಜೊತೆಗಿದ್ದು ದಾರಿ ತೋರುವ ದೊಡ್ಡವರು) ನಂಟು ವರ್ಷ ದಾಟಿದರೆ ಲಾಭ ಹೆಚ್ಚು. ಮೂರು ತಿಂಗಳೊಳಗೆ ನಂಟು ಮುರಿದುಬಿದ್ದ ಮಕ್ಕಳಲ್ಲಿ ತಮ್ಮ ಬಗ್ಗೆ ತಮಗಿದ್ದ ಗೌರವವೇ ಕುಗ್ಗಿತ್ತು. ಇಲ್ಲಿ ವರ್ಷ ತುಂಬುತ್ತಿದೆ ನಿಜ, ಆದರೂ ಹೇಳದೆ ಹೋಗುವ ಹಾಗಿಲ್ಲ. ಅದಕ್ಕೇ ಸುದ್ದಿಯನ್ನು ಈಗಲೇ, ಆ ತರುಣನ ಬಾಯಿಂದಲೇ ಹುಡುಗನಿಗೆ ಹೇಳಿಸಿದೆವು. ಮುಂದೆ ಜೊತೆಗಿರುವವರು ಈ ವಾರದಿಂದಲೇ ಕೂಟಕ್ಕೆ ಬರುತ್ತಿದ್ದಾರೆ. ಹೊರಡುವ ದಿನ ಯಾವುದು, ಆಮೇಲೆ ಫೋನ್ ಮಾಡಬಹುದಾ, ಎಷ್ಟು ದಿನಕ್ಕೊಮ್ಮೆ ಅನ್ನುವುದನ್ನು ಹುಡುಗನೇ ಕೂತು ಮಾತಾಡಿ ಗೊತ್ತು ಮಾಡಿಕೊಂಡಿದ್ದಾನೆ.