ಕಿಂಗ್ಸ್ ತಂಡವನ್ನು ಬಿಡಬೇಕೆ ಎಂದು ಕೇಳಿದ ಕೊಪ್ಪಳದ ವಿದ್ಯಾರ್ಥಿಗೆ

ನೀವು ಕೇಳಿರುವುದು ಇಷ್ಟು: 2023ರಲ್ಲಿ ಸ್ಯಾಕ್ರಮೆಂಟೊ ಕಿಂಗ್ಸ್ ತಂಡದ ಆಟ ನೋಡಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಬ್ಯಾಸ್ಕೆಟ್‌ಬಾಲ್ ಹಚ್ಚಿಕೊಂಡಿರಿ, ಅಲ್ಲಿಂದೀಚೆಗೆ ತಂಡ ಇಳಿಯುತ್ತಲೇ ಬಂದಿದೆ, ಬೆಳಿಗ್ಗೆ ಸೋಲು ನೋಡಿ ಕಾಲೇಜಿಗೆ ಹೋಗುವುದು ಸಾಕಾಗಿದೆ, ಈಗ ಬೇರೆ ತಂಡ ಹಿಡಿಯಬೇಕೆ, ಅಥವಾ ಈ ಆಟ ನೋಡುವುದನ್ನೇ ಬಿಡಬೇಕೆ? ನಾನು ಬಳ್ಳಾರಿಯವನು, ಇದೇ ತಂಡವನ್ನು 2002ರಿಂದ ನೋಡುತ್ತ ಬಂದವನು. ನಿಮ್ಮ ಪ್ರಶ್ನೆ ಓದಿದಾಗ ನನ್ನದೇ ಮನಸ್ಸನ್ನು ಯಾರೋ ಬರೆದಿಟ್ಟಂತೆ ಕಂಡಿತು, ಆದ್ದರಿಂದ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಮೊದಲಿಗೆ ಒಂದು ಮಾತು. ನಾನು ನೋಡಿದ ಮಟ್ಟಿಗೆ ಅಭಿಮಾನಿಯನ್ನು ಸೋಲು ದಣಿಸುವುದಿಲ್ಲ. ಸೋಲುತ್ತಿದ್ದರೂ ತಂಡ ಯಾವುದೋ ಒಂದು ಕಡೆಗೆ ಹೊರಟಿದೆ ಎಂದು ಕಂಡರೆ ನಾವು ವರ್ಷಗಟ್ಟಲೆ ಕಾಯುತ್ತೇವೆ. ಕಟ್ಟಿದ್ದನ್ನು ಅರ್ಧಕ್ಕೇ ಕೆಡವುವುದನ್ನು ಮತ್ತೆ ಮತ್ತೆ ನೋಡಬೇಕಾದಾಗ ಮಾತ್ರ ಒಳಗಿನ ಶಕ್ತಿ ಬತ್ತುತ್ತದೆ. ಕಿಂಗ್ಸ್ ತಂಡದ ಕಥೆಯಲ್ಲಿ ಈ ಎರಡೂ ಇವೆ, ಹಾಗಾಗಿ ಒಂದನ್ನು ಇನ್ನೊಂದರಿಂದ ಬೇರ್ಪಡಿಸಿ ನೋಡುವುದು ಸಾಧ್ಯವಿದೆ.

2002ರಲ್ಲಿ ನಾನು ಪಿಯುಸಿ ಓದುತ್ತಿದ್ದೆ. ನಮ್ಮ ಕಾಲೇಜಿನಲ್ಲಿ ಬಿರುಕುಬಿಟ್ಟ ಸಿಮೆಂಟಿನ ಒಂದು ಕೋರ್ಟ್ ಇತ್ತು, ರಿಂಗ್‌ಗೆ ಬಲೆ ಇರಲಿಲ್ಲ. ಬೇಸಿಗೆಯಲ್ಲಿ ಬಳ್ಳಾರಿಯ ಬಿಸಿಲಿಗೆ ಆ ಸಿಮೆಂಟು ಸಂಜೆಯಾದರೂ ಆರುತ್ತಿರಲಿಲ್ಲ, ಆದ್ದರಿಂದ ಬೆಳಿಗ್ಗೆ ಆರಕ್ಕೇ ಆಡುತ್ತಿದ್ದೆವು. ಕೇಬಲ್ ಟಿವಿಯಲ್ಲಿ ಆಗಾಗ ಎನ್‌ಬಿಎ ಬರುತ್ತಿತ್ತು. ಉಳಿದ ತಂಡಗಳಲ್ಲಿ ಒಬ್ಬ ಎತ್ತರದ ಆಳು ಚೆಂಡು ಹಿಡಿದು ನಿಂತರೆ ಮಿಕ್ಕ ನಾಲ್ವರು ಅವನನ್ನೇ ನೋಡುತ್ತ ನಿಂತಂತೆ ನನಗೆ ಕಾಣುತ್ತಿತ್ತು. ಕಿಂಗ್ಸ್ ಆಟದಲ್ಲಿ ಹಾಗಿರಲಿಲ್ಲ. ಕ್ರಿಸ್ ವೆಬರ್ ಮತ್ತು ವ್ಲಾಡೆ ಡಿವಾಟ್ಸ್ ಇಬ್ಬರೂ ದೈತ್ಯರಾಗಿದ್ದರೂ ಫ್ರೀ ಥ್ರೋ (ಎದುರಾಳಿಯ ಫೌಲ್‌ಗೆ ಸಿಗುವ ಎಸೆತ) ಗೆರೆಯ ಬಳಿ ನಿಂತು, ಓಡಿಬರುವವನ ಕೈಗೆ ಸರಿಯಾಗಿ ಚೆಂಡು ಸೇರಿಸುತ್ತಿದ್ದರು. ಐವರ ಕೈ ದಾಟಿದ ಚೆಂಡು ಕೊನೆಗೆ ಯಾರೂ ಕಾಯದೆ ಬಿಟ್ಟ ಮೂಲೆಯಲ್ಲಿ ಪೇಜಾ ಸ್ಟೊಯಾಕೊವಿಚ್ ಬಳಿ ಬಂದು ನಿಲ್ಲುತ್ತಿತ್ತು. ನಮಗೆ ಯಾರಿಗೂ ಆ ಎತ್ತರವಿರಲಿಲ್ಲ, ಆದರೆ ಪಾಸ್ ಮಾಡುವುದನ್ನು ಕಲಿಯಬಹುದಿತ್ತು. ನಾನು ಆ ತಂಡವನ್ನು ಆರಿಸಿಕೊಂಡಿದ್ದಕ್ಕೆ ಬೇರೆ ಕಾರಣವಿಲ್ಲ.

ಆ ವರ್ಷ ಅವರು 82 ಪಂದ್ಯಗಳಲ್ಲಿ 61 ಗೆದ್ದು ಪಶ್ಚಿಮ ವಿಭಾಗದ ಏಳು ಪಂದ್ಯಗಳ ಫೈನಲ್‌ನಲ್ಲಿ ಲೇಕರ್ಸ್ ಎದುರು ನಿಂತರು. ಆರನೇ ಪಂದ್ಯದ ಕೊನೆಯ ಕ್ವಾರ್ಟರ್ ಒಂದರಲ್ಲೇ ಲೇಕರ್ಸ್‌ಗೆ 27 ಫ್ರೀ ಥ್ರೋಗಳು ಸಿಕ್ಕವು, ಪಂದ್ಯ 106–102ಕ್ಕೆ ಕೈಬಿಟ್ಟಿತು. ಕಿಂಗ್ಸ್ ಅಭಿಮಾನಿಗಳು ಇಂದಿಗೂ ಆ ರೆಫರಿಗಳನ್ನು ಕ್ಷಮಿಸಿಲ್ಲ. ನನ್ನ ಕೋಪವೂ ಪೂರ್ತಿ ಆರಿಲ್ಲ, ಆದರೂ ಏಳನೇ ಪಂದ್ಯವನ್ನು ಮರೆಯುವುದು ನ್ಯಾಯವಲ್ಲ ಎಂದು ನನ್ನ ನಂಬಿಕೆ. ಅದು ಸ್ಯಾಕ್ರಮೆಂಟೊದಲ್ಲೇ, ತಮ್ಮದೇ ಜನರ ಮುಂದೆ ನಡೆಯಿತು. ಅಲ್ಲಿ ನಮ್ಮವರು 30 ಫ್ರೀ ಥ್ರೋಗಳಲ್ಲಿ 14 ತಪ್ಪಿಸಿದರು ಮತ್ತು ಹೆಚ್ಚುವರಿ ಅವಧಿಯಲ್ಲಿ 112–106ಕ್ಕೆ ಸೋತರು. ಯಾರೂ ಅಡ್ಡ ನಿಲ್ಲದ, ಹದಿನೈದು ಅಡಿ ದೂರದ ಎಸೆತಗಳು ಅವು. ಅಂದು ನಾನು ಮಧ್ಯಾಹ್ನದವರೆಗೆ ಊಟ ಮುಟ್ಟಲಿಲ್ಲ. ಹಾಗಿದ್ದೂ ಮುಂದಿನ ವರ್ಷ ಮತ್ತೆ ಟಿವಿ ಮುಂದೆ ಕೂರುವುದಕ್ಕೆ ಒಂದು ಕ್ಷಣವೂ ಯೋಚಿಸಲಿಲ್ಲ, ಏಕೆಂದರೆ ತಂಡ ಏನು ಮಾಡುತ್ತಿದೆ ಎಂಬುದು ತಂಡಕ್ಕೆ ಗೊತ್ತಿತ್ತು.

ಆಮೇಲೆ ಬಂದದ್ದು ನೀವು ನೋಡದ ಕಾಲ. 2006ರ ನಂತರ 16 ಸೀಸನ್‌ಗಳ ಕಾಲ ಕಿಂಗ್ಸ್ ಪ್ಲೇಆಫ್ ಮೆಟ್ಟಿಲು ಹತ್ತಲಿಲ್ಲ. ಎನ್‌ಬಿಎ ಇತಿಹಾಸದಲ್ಲಿ ಇಷ್ಟು ದೀರ್ಘ ಕಾಲ ಹೊರಗುಳಿದ ತಂಡ ಇನ್ನೊಂದಿಲ್ಲ. 2013ರಲ್ಲಿ ತಂಡವೇ ಸಿಯಾಟಲ್‌ಗೆ ಹೊರಟುಹೋಗುವ ಸ್ಥಿತಿ ಬಂದಿತ್ತು. ಆಗ ಮುಂಬೈಯಲ್ಲಿ ಹುಟ್ಟಿದ ವಿವೇಕ್ ರಣದಿವೆ ಅವರ ಗುಂಪು ತಂಡವನ್ನು ಕೊಂಡು ಅದೇ ಊರಿನಲ್ಲಿ ಉಳಿಸಿತು. ಅದಕ್ಕಾಗಿ ನನಗೆ ಅವರ ಬಗ್ಗೆ ಕೃತಜ್ಞತೆಯಿದೆ, ಭಾರತೀಯನೊಬ್ಬ ನನ್ನ ತಂಡಕ್ಕೆ ಒಡೆಯನಾದನೆಂಬ ಹೆಮ್ಮೆಯೂ ಆಗ ಇತ್ತು. 2019ರ ಅಕ್ಟೋಬರ್‌ನಲ್ಲಿ ಕಿಂಗ್ಸ್ ಮತ್ತು ಇಂಡಿಯಾನಾ ಪೇಸರ್ಸ್ ಮುಂಬೈಗೆ ಬಂದು ವರ್ಲಿಯ ಡೋಮ್‌ನಲ್ಲಿ ಎರಡು ಪಂದ್ಯ ಆಡಿದಾಗ ನಾನು ಮನೆಯವರನ್ನೆಲ್ಲ ಟಿವಿ ಮುಂದೆ ಕೂರಿಸಿದ್ದೆ. ಮೊದಲನೆಯದನ್ನು ಹೆಚ್ಚುವರಿ ಅವಧಿಯಲ್ಲಿ 132–131ಕ್ಕೆ, ಎರಡನೆಯದನ್ನು 130–106ಕ್ಕೆ ನಮ್ಮ ತಂಡ ಸೋತಿತು. ಅಷ್ಟು ಹತ್ತಿರ ಬಂದು ಒಂದೇ ಒಂದು ಗೆಲುವನ್ನೂ ಕೊಡದೆ ಹೋದರಲ್ಲ ಎಂದು ಮಗಳು ಅತ್ತಳು. ಅವಳನ್ನು ಸಮಾಧಾನ ಮಾಡಲು ನನಗೆ ಮಾತು ಸಿಗಲಿಲ್ಲ.

ಈಗ ಕೋಚ್‌ಗಳ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನ್ನ ಬೇಸರದ ಬೇರು ಅಲ್ಲಿದೆ. 2014ರ ಡಿಸೆಂಬರ್‌ನಲ್ಲಿ, ತಂಡದ ಮುಖ್ಯ ಆಟಗಾರ ಡಿಮಾರ್ಕಸ್ ಕಸಿನ್ಸ್ ಕಾಯಿಲೆಯಿಂದ ಹೊರಗಿದ್ದ ದಿನಗಳಲ್ಲಿ, 11 ಗೆದ್ದು 13 ಸೋತಿದ್ದ ಹಂತದಲ್ಲಿ ಮೈಕೆಲ್ ಮಲೋನ್ ಅವರನ್ನು ತೆಗೆದುಹಾಕಿದರು. ಅದೇ ಮಲೋನ್ 2023ರಲ್ಲಿ ಡೆನ್ವರ್ ತಂಡಕ್ಕೆ ಚಾಂಪಿಯನ್‌ಶಿಪ್ ಗೆದ್ದುಕೊಟ್ಟರು. 2019ರಲ್ಲಿ ಡೇವ್ ಯೇಗರ್ 39 ಪಂದ್ಯ ಗೆಲ್ಲಿಸಿ, 2006ರ ನಂತರದ ಅತ್ಯುತ್ತಮ ಸೀಸನ್ ಕೊಟ್ಟರು. ಸೀಸನ್ ಮುಗಿದ ಕೂಡಲೇ ಅವರನ್ನೂ ಕಳಿಸಿದರು. 2023ರಲ್ಲಿ ಮತದಾರರೆಲ್ಲರೂ ಒಮ್ಮತದಿಂದ ವರ್ಷದ ಕೋಚ್ ಎಂದು ಆರಿಸಿದ ಮೈಕ್ ಬ್ರೌನ್ ಅವರಿಗೆ 2024ರ ಬೇಸಿಗೆಯಲ್ಲಿ ಒಪ್ಪಂದ ಮುಂದುವರಿಸಿ, ಅದೇ ಡಿಸೆಂಬರ್‌ನಲ್ಲಿ ಬಾಗಿಲು ತೋರಿಸಿದರು. ಹತ್ತು ವರ್ಷಗಳ ಅಂತರದಲ್ಲಿ, ಅದೇ ತಿಂಗಳಲ್ಲಿ, ಅದೇ ತಪ್ಪು.

ನಾನು ಇಲ್ಲಿನ ಒಂದು ಜೀನ್ಸ್ ಹೊಲಿಗೆ ಘಟಕದಲ್ಲಿ ಲೆಕ್ಕ ಬರೆಯುವವನು. ಆರ್ಡರ್ ಅರ್ಧಕ್ಕೆ ಬಂದಾಗ ಕಟಿಂಗ್ ಮಾಸ್ಟರನ್ನು ಬದಲಿಸಿದರೆ ಏನಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಹೊಸಬರು ಹಳಬರಿಗಿಂತ ಕಡಿಮೆಯವರೇನಲ್ಲ, ಆದರೆ ಹೊಲಿಯುವವರ ಕೈ ಅವರ ಕಟಿಂಗ್‌ಗೆ ಒಗ್ಗುವಷ್ಟರಲ್ಲಿ ಮಾಲು ಕಳಿಸುವ ದಿನ ದಾಟಿರುತ್ತದೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಇದು ಇನ್ನೂ ಹೆಚ್ಚು ನಿಜ. ಎದುರಾಳಿ ಪರದೆ ಹಾಕಿದಾಗ, ಅಂದರೆ ಕಾಯುವವನ ದಾರಿಗೆ ಅಡ್ಡ ನಿಂತಾಗ, ಕಾಯುವವರು ಪರಸ್ಪರ ಬದಲಾಗಬೇಕೆ, ಹಿಂಬಾಲಿಸಬೇಕೆ ಎಂಬ ಒಂದೇ ವಿಷಯ ಐವರ ಮೈಗೂ ಹತ್ತಲು ತಿಂಗಳುಗಳು ಬೇಕು. ಪ್ರತಿ ಎರಡು ವರ್ಷಕ್ಕೊಮ್ಮೆ ಹೊಸ ಪಾಠ ಶುರುವಾಗುವ ತಂಡದಲ್ಲಿ ಅದು ಎಂದಿಗೂ ಹತ್ತುವುದಿಲ್ಲ.

ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲೂ ಇದೇ ಅವಸರ. 2018ರಲ್ಲಿ ಎರಡನೇ ಸ್ಥಾನದಲ್ಲಿ ಆರಿಸುವ ಅವಕಾಶ ಸಿಕ್ಕಾಗ ಮಾರ್ವಿನ್ ಬ್ಯಾಗ್ಲಿಯನ್ನು ತೆಗೆದುಕೊಂಡರು, ಮುಂದಿನ ಸ್ಥಾನದಲ್ಲಿ, ಆಮೇಲೆ ದೊಡ್ಡ ತಾರೆಯಾದ ಲೂಕಾ ಡೊಂಚಿಚ್ ಬೇರೆಯವರ ಪಾಲಾದ. 2012ರಲ್ಲಿ ಐದನೇ ಸ್ಥಾನದಲ್ಲಿ ಥಾಮಸ್ ರಾಬಿನ್‌ಸನ್, ಆರನೇ ಸ್ಥಾನದಲ್ಲಿ ಪೋರ್ಟ್‌ಲ್ಯಾಂಡ್‌ಗೆ, ಅವನಂತೆಯೇ ತಾರೆಯಾದ ಡೇಮಿಯನ್ ಲಿಲರ್ಡ್. ಬೇಕೆಂದೇ ಸೋತು ಪಟ್ಟಿಯ ತಳಕ್ಕಿಳಿದರೆ ಒಳ್ಳೆಯ ಆಟಗಾರ ಸಿಗುತ್ತಾನೆ ಎಂದು ವಾದಿಸುವ ಅಭಿಮಾನಿಗಳನ್ನು ನಾನು ಒಪ್ಪದಿರುವುದು ಇದಕ್ಕೇ. ಆರಿಸುವ ಸರದಿಯನ್ನು ನಿರ್ಧರಿಸುವ ಲಾಟರಿಯಲ್ಲಿ 2019ರಿಂದ 2025ರವರೆಗೆ ಅತ್ಯಂತ ಕೆಳಗಿನ ಮೂರು ತಂಡಗಳಿಗೂ ಮೊದಲ ಆಯ್ಕೆಯ ಸಾಧ್ಯತೆ ತಲಾ ಶೇ. 14 ಮಾತ್ರ ಇತ್ತು. ಅದು ದಕ್ಕಿದರೂ ಆರಿಸುವ ಕಣ್ಣು ಬೇಕು, ಬೆಳೆಸುವ ತಾಳ್ಮೆ ಬೇಕು. ಅಲ್ಲದೆ ಕಾಲೇಜು ತಂಡದ ಅಂಗಿ ತೊಟ್ಟು ಆಡಿದ ನನಗೆ, ನಮ್ಮವನು ಎಸೆದ ಚೆಂಡು ರಿಂಗ್‌ಗೆ ಬಡಿದು ಹೊರಗೆ ಬೀಳಲಿ ಎಂದು ಬೇಡಿಕೊಳ್ಳಲು ಆಗುವುದೇ ಇಲ್ಲ.

ಈ ಎಲ್ಲದರ ನಡುವೆ ನಿಮ್ಮ 2023 ಬಂದಿತು. ಡಿಆರನ್ ಫಾಕ್ಸ್ ಮತ್ತು ಡೊಮಾಂಟಸ್ ಸಬೋನಿಸ್ ಸೇರಿ ಆಡಿದ ಆ ತಂಡದಲ್ಲಿ ನಾನು 2002ರ ಪಾಸುಗಳನ್ನು ಮತ್ತೆ ಕಂಡೆ. ಸಬೋನಿಸ್ ಮೇಲ್ಭಾಗದಲ್ಲಿ ಚೆಂಡು ಹಿಡಿದು ನಿಲ್ಲುವುದು, ಫಾಕ್ಸ್ ಅವನನ್ನು ಸವರಿಕೊಂಡು ಹೋಗುತ್ತ ಕೈಯಿಂದ ಕೈಗೆ ಚೆಂಡು ಪಡೆದು ಬುಟ್ಟಿಯತ್ತ ನುಗ್ಗುವುದು, ಹೊಸ ಹುಡುಗ ಕೀಗನ್ ಮರ್ರಿ ಮೂಲೆಯಿಂದ ಮೂರು ಅಂಕದ ಎಸೆತ ಹಾಕುವುದು. ಆ ಸೀಸನ್‌ನಲ್ಲಿ ಮರ್ರಿ ಬುಟ್ಟಿಗೆ ಹಾಕಿದ ಅಂಥ 206 ಎಸೆತಗಳು ಮೊದಲ ವರ್ಷದ ಆಟಗಾರರಲ್ಲಿ ಆಗಿನ ದಾಖಲೆ. ಪ್ರತಿ ಗೆಲುವಿನ ನಂತರ ಕ್ರೀಡಾಂಗಣದ ಮೇಲಿಂದ ಆಕಾಶಕ್ಕೆ ಹೊರಡುತ್ತಿದ್ದ ನೇರಳೆ ಬೆಳಕಿನ ಕಿರಣವನ್ನು ನೀವು ಮರೆತಿರಲಾರಿರಿ. 48 ಗೆಲುವು, ಪಶ್ಚಿಮದಲ್ಲಿ ಮೂರನೇ ಸ್ಥಾನ, 16 ಸೀಸನ್‌ಗಳ ನಂತರ ಪ್ಲೇಆಫ್. ಫಾಕ್ಸ್ ಎಡಗೈ ಬೆರಳು ಮುರಿದುಕೊಂಡೂ ಆಡಿದ. ಮೊದಲ ಸುತ್ತಿನ ಏಳನೇ ಪಂದ್ಯದಲ್ಲಿ ಗೋಲ್ಡನ್ ಸ್ಟೇಟ್ ತಂಡದ ಸ್ಟೀಫನ್ ಕರಿ 50 ಅಂಕ ಗಳಿಸಿ ನಮ್ಮನ್ನು ಮನೆಗೆ ಕಳಿಸಿದ. ಆ ಬೆಳಿಗ್ಗೆ ನನಗೆ ದುಃಖವಾಯಿತು, ಆದರೆ ಅವಮಾನವಾಗಲಿಲ್ಲ, ಬೇಸರವಂತೂ ಆಗಲೇ ಇಲ್ಲ. ಅದೂ ಸೋಲೇ ಆಗಿತ್ತು ಎಂಬುದನ್ನು ದಯವಿಟ್ಟು ಗಮನಿಸಿ.

ಮುಂದಿನದು ನಿಮಗೇ ಗೊತ್ತಿದೆ. 46 ಗೆಲುವು ಬಂದರೂ ಪ್ಲೇಆಫ್ ತಪ್ಪಿತು, ಅದಕ್ಕೆ ಗಾಬರಿಗೊಂಡರು. ಬ್ರೌನ್ ಹೋದರು, 2025ರ ಫೆಬ್ರವರಿಯಲ್ಲಿ ಫಾಕ್ಸ್ ಸ್ಯಾನ್ ಆಂಟೋನಿಯೋಗೆ ಹೋದ. ಏಪ್ರಿಲ್‌ನಲ್ಲಿ ಡಲ್ಲಾಸ್ ಎದುರು ಮನೆಯಂಗಳದಲ್ಲೇ 120–106ಕ್ಕೆ ಸೋತ ಪಂದ್ಯವನ್ನು ನೋಡುವಾಗ, ಪಕ್ಕದ ಗೆರೆಯಲ್ಲಿ ಕೋಚ್ ಆಗಿ ನಿಂತಿದ್ದ ಡಗ್ ಕ್ರಿಸ್ಟಿ ನನಗೆ ಕಂಡರು. 2002ರ ಆ ಏಳನೇ ಪಂದ್ಯದಲ್ಲಿ ಆಡಿದವರು ಅವರು. ಟೈರೀಸ್ ಹಾಲಿಬರ್ಟನ್‌ನನ್ನು 2022ರಲ್ಲಿ ಕೊಟ್ಟು ಸಬೋನಿಸ್‌ನನ್ನು ತಂದದ್ದೇ ಎಲ್ಲದಕ್ಕೂ ಮೂಲ ಎಂದು ಹಲವರು ಹೇಳುತ್ತಾರೆ, ಹಾಲಿಬರ್ಟನ್ 2025ರಲ್ಲಿ ಇಂಡಿಯಾನಾವನ್ನು ಫೈನಲ್‌ವರೆಗೆ ಒಯ್ದ ಮೇಲಂತೂ ಈ ಮಾತು ಜೋರಾಗಿದೆ. ನಾನು ಅದನ್ನು ಒಪ್ಪುವುದಿಲ್ಲ. ಆ ವಿನಿಮಯವಿಲ್ಲದೆ 2023 ಇರುತ್ತಿರಲಿಲ್ಲ. ಕೊಟ್ಟದ್ದು ತಪ್ಪಲ್ಲ, ತಂದದ್ದನ್ನು ಬೆಳೆಯಲು ಬಿಡದಿದ್ದದ್ದು ತಪ್ಪು.

ಇನ್ನೊಂದು ಕಷ್ಟವನ್ನು ನೀವು ಹೇಳಿಲ್ಲ, ಆದರೆ ನಿಮಗೂ ಇರಬಹುದು. ನಮ್ಮ ಊರಿನಲ್ಲಿ ಈ ಸಂಕಟಕ್ಕೆ ಜೊತೆಯವರು ಇಲ್ಲ. ಆರ್‌ಸಿಬಿ 17 ವರ್ಷ ಸೋತಾಗಲೂ ನಾವು ಒಟ್ಟಿಗೆ ಸೋತೆವು. ಚಹಾದಂಗಡಿಯಲ್ಲಿ, ಬಸ್ಸಿನಲ್ಲಿ, ಒಗ್ಗರಣೆ-ಮಿರ್ಚಿ ಗಾಡಿಯ ಮುಂದೆ, ಎಲ್ಲಿ ನಿಂತರೂ ಬೈಯಲು ಮತ್ತು ಸಮಾಧಾನ ಹೇಳಲು ಯಾರಾದರೂ ಇರುತ್ತಿದ್ದರು. 2025ರ ಜೂನ್ 3ರ ರಾತ್ರಿ ಕಪ್ ಬಂದಾಗ ನಮ್ಮ ಓಣಿಯಲ್ಲಿ ಮುದುಕರೂ ಹೊರಗೆ ಬಂದು ನಿಂತಿದ್ದರು. ಡಲ್ಲಾಸ್ ಎದುರು ಸೋತ ಬೆಳಿಗ್ಗೆ ನಾನು ಘಟಕದಲ್ಲಿ ಯಾರಿಗೂ ಏನೂ ಹೇಳದೆ ಬಿಲ್ಲು ಬರೆಯುತ್ತ ಕುಳಿತಿದ್ದೆ. ಹಂಚಿಕೊಳ್ಳಲಾಗದ ಸೋಲು ತೂಕದಲ್ಲಿ ಇಮ್ಮಡಿಯಾಗುತ್ತದೆ. ನೀವು ಇಲ್ಲಿ ಪ್ರಶ್ನೆ ಕೇಳಿದ್ದು ನನಗೆ ಸಂತೋಷ ತಂದಿರುವುದು ಅದಕ್ಕಾಗಿಯೇ.

ಇನ್ನು ನೇರವಾಗಿ ನಿಮ್ಮ ಪ್ರಶ್ನೆಗೆ. ತಂಡ ಬದಲಿಸುವುದು ದ್ರೋಹವಲ್ಲ. ಕೊಪ್ಪಳದಲ್ಲಿ ಹುಟ್ಟಿದವರಿಗೆ ಸ್ಯಾಕ್ರಮೆಂಟೊದ ಋಣವೇನಿಲ್ಲ. ಆದರೆ ನೀವು ಏನನ್ನು ಮೆಚ್ಚಿ ಬಂದಿರಿ ಎಂಬುದನ್ನು ಮೊದಲು ಕೇಳಿಕೊಳ್ಳಿ. ಫಾಕ್ಸ್‌ನ ವೇಗವನ್ನು ಮೆಚ್ಚಿದ್ದರೆ ಅವನ ಜೊತೆ ಸ್ಯಾನ್ ಆಂಟೋನಿಯೋಗೆ ಹೋಗಿ, ಯಾವ ಅಳುಕೂ ಬೇಡ. ಆ ಪಾಸಿನ ಆಟವನ್ನು ಮೆಚ್ಚಿದ್ದರೆ, ಅದು ಯಾವ ತಂಡದಲ್ಲಿ ಕಂಡರೂ ನೋಡಿ, ಕಿಂಗ್ಸ್‌ಗೆ ಒಂದು ಜಾಗ ಉಳಿಸಿಕೊಳ್ಳಿ. ಗೆಲ್ಲುತ್ತಿದೆ ಎಂಬ ಒಂದೇ ಕಾರಣಕ್ಕೆ ಈ ವರ್ಷದ ಚಾಂಪಿಯನ್ ತಂಡವನ್ನು ಹಿಡಿಯಬೇಡಿ. ಅವರ ಗೆಲುವಿನಲ್ಲಿ ನಿಮ್ಮ ಕಾಯುವಿಕೆ ಇರುವುದಿಲ್ಲ, ಆದ್ದರಿಂದ ಸಂತೋಷವೂ ತೆಳುವಾಗಿರುತ್ತದೆ.

ಉಳಿಯುವುದಾದರೆ ನೋಡುವ ಕ್ರಮ ಬದಲಿಸಿ. ಸೀಸನ್ನಿನ ಎಲ್ಲ 82 ಪಂದ್ಯಗಳನ್ನೂ ನೋಡಬೇಕೆಂಬ ಹಟ ಬೇಡ. ಚಳಿಗಾಲದಲ್ಲಿ ಸ್ಯಾಕ್ರಮೆಂಟೊದ ಸಂಜೆ ಏಳು ನಮಗೆ ಬೆಳಿಗ್ಗೆ ಎಂಟೂವರೆ; ಮನೆಯಂಗಳದ ಪಂದ್ಯಗಳಲ್ಲಿ ಒಂದೆರಡು ಕ್ವಾರ್ಟರ್ ನೋಡಿ ಕಾಲೇಜಿಗೆ ಹೊರಡಬಹುದು. ಅಮೆರಿಕದ ಪೂರ್ವ ಕರಾವಳಿಯ ಪಂದ್ಯಗಳು ನಮಗೆ ಬೆಳಗಿನ ಐದೂವರೆಗೆ ಶುರುವಾಗುತ್ತವೆ. ಅವುಗಳಿಗಾಗಿ ನಾನು ನಿದ್ದೆ ಕೆಡುವುದನ್ನು ಬಿಟ್ಟು ಬಹಳ ಕಾಲವಾಯಿತು. ಜನವರಿ ನಂತರ ಅಂಕಪಟ್ಟಿ ನೋಡುವುದಿಲ್ಲ. ಒಬ್ಬ ಆಟಗಾರನನ್ನು ಆರಿಸಿಕೊಂಡು, ಚೆಂಡು ಅವನ ಕೈಯಲ್ಲಿ ಇಲ್ಲದಾಗ ಅವನು ಏನು ಮಾಡುತ್ತಾನೆ ಎಂದಷ್ಟೇ ಗಮನಿಸುತ್ತೇನೆ. 2025ರವರೆಗೆ ಸತತ ಮೂರು ಸೀಸನ್ ಇಡೀ ಎನ್‌ಬಿಎಯಲ್ಲಿ ಹೆಚ್ಚು ರೀಬೌಂಡ್ (ತಪ್ಪಿದ ಎಸೆತದ ಚೆಂಡು ಹಿಡಿಯುವುದು) ಪಡೆದ ಸಬೋನಿಸ್‌ನನ್ನು ಹೀಗೆ ನೋಡಿ ನಾನು ಕಲಿತದ್ದು ಬಹಳ: ಅವನು ಹೆಚ್ಚು ಎತ್ತರಕ್ಕೆ ಜಿಗಿಯುವುದಿಲ್ಲ, ಚೆಂಡು ಬೀಳುವ ಮೊದಲೇ ಎದುರಾಳಿಯನ್ನು ಬೆನ್ನಿನಿಂದ ತಡೆದು ಜಾಗ ಹಿಡಿದಿರುತ್ತಾನೆ. ಭಾನುವಾರ ಹುಡುಗರಿಗೆ ಆಟ ಹೇಳಿಕೊಡುವಾಗ ನಾನು ಅದನ್ನೇ ತೋರಿಸುತ್ತೇನೆ. ನಿಮ್ಮ ಕಾಲೇಜಿನಲ್ಲಿ ಕೋರ್ಟ್ ಇದ್ದರೆ ನೀವೂ ಆಡಿ, ನೋಡುವವರಾಗಿ ಮಾತ್ರ ಉಳಿಯಬೇಡಿ.

ನಿರ್ಧಾರಕ್ಕೆ ಅವಸರವಿಲ್ಲ. ಅದಕ್ಕೆ ಮುಂಚೆ ಒಂದು ಬಿಡುವಿನ ದಿನ 2023ರ ಫೆಬ್ರವರಿ 24ರ ಪಂದ್ಯವನ್ನು ಹುಡುಕಿ ನೋಡಿ. ಲಾಸ್ ಏಂಜಲೀಸ್‌ನಲ್ಲಿ ಕ್ಲಿಪ್ಪರ್ಸ್ ಎದುರು ಎರಡು ಹೆಚ್ಚುವರಿ ಅವಧಿಗಳ ನಂತರ ಕಿಂಗ್ಸ್ 176–175ಕ್ಕೆ ಗೆದ್ದ ಪಂದ್ಯ ಅದು. ಎನ್‌ಬಿಎಯಲ್ಲಿ ಅದಕ್ಕಿಂತ ಹೆಚ್ಚು ಅಂಕ ಬಂದ ಪಂದ್ಯ ಅಲ್ಲಿಯವರೆಗೆ 1983ರದು ಒಂದೇ. ಮಲೀಕ್ ಮಂಕ್ 45, ಫಾಕ್ಸ್ 42. ನಮಗೆ ಅದು ಶನಿವಾರ ಬೆಳಿಗ್ಗೆ. ಪಂದ್ಯ ಮುಗಿಯುವವರೆಗೆ ಏಳಲಾಗದೆ ನಾನು ಕೆಲಸಕ್ಕೆ ಎರಡು ಗಂಟೆ ತಡವಾಗಿ ಹೋದೆ, ಆ ಎರಡು ಗಂಟೆಯನ್ನು ಸಂಜೆ ಕುಳಿತು ತುಂಬಿಸಿಕೊಟ್ಟೆ. ಅದನ್ನು ಮೊದಲಿಂದ ಕೊನೆಯವರೆಗೆ ನೋಡಿದ ಮೇಲೆ ನಿಮಗೆ ಏನು ಅನ್ನಿಸಿತು ಎಂಬುದನ್ನು ಇಲ್ಲೇ ಕೆಳಗೆ ಬರೆಯಿರಿ, ನಾನು ಓದುತ್ತೇನೆ.