1816ರ ಕಥೆಯೊಳಗೆ ನುಸುಳಿದ ವಿಕ್ಟೋರಿಯಾ ಕಾಲ

1816ರ ಲಂಡನ್ನಿನಲ್ಲಿ ನಡೆಯುವ ನಿಮ್ಮ ಪ್ರೇಮಕಾದಂಬರಿಯಲ್ಲಿ ಕಾಲ ಹೊಂದುತ್ತಿಲ್ಲ ಎಂದು ಓದಿದವರಿಗೆ ಅನ್ನಿಸಲು ಕಾರಣ, ಬಹುಶಃ ರಾಜನ ಬದಲು ರಾಜಕುಮಾರ ಆಡಳಿತ ನಡೆಸಿದ ರೀಜೆನ್ಸಿ ಕಾಲದ (1811–1820) ಕಥೆಯೊಳಗೆ ವಿಕ್ಟೋರಿಯಾ ರಾಣಿಯ ಕಾಲದ (1837–1901) ವಸ್ತುಗಳೂ ಕಾನೂನುಗಳೂ ಸೇರಿಕೊಂಡಿರುವುದು. ಹಸ್ತಪ್ರತಿಯನ್ನು ನೋಡದೆ ಇದನ್ನು ಖಚಿತವಾಗಿ ಹೇಳಲಾರೆ; ಆದರೆ ನೀವು ಹೇಳಿರುವ, ಪ್ರೇಮಿಗಳು ಸ್ಕಾಟ್ಲೆಂಡಿಗೆ ಓಡಿಹೋಗುವ ರೈಲು ಪ್ರಯಾಣ, ಅಂಚೆಚೀಟಿ ಹಚ್ಚಿದ ಪತ್ರ ಮತ್ತು ನಾಯಕನ ಅಕ್ಕನ ವಿಚ್ಛೇದನ ಮೂರೂ ಅದನ್ನೇ ಸೂಚಿಸುತ್ತವೆ.

ಮೊದಲು ಕಾನೂನನ್ನು ಪರಿಶೀಲಿಸಿ, ಏಕೆಂದರೆ ಉಡುಪಿನ ತಪ್ಪನ್ನು ಒಂದು ವಾಕ್ಯದಲ್ಲಿ ತಿದ್ದಬಹುದು, ಕಾನೂನಿನ ತಪ್ಪು ಕಥಾಹಂದರವನ್ನೇ ಸಡಿಲಗೊಳಿಸುತ್ತದೆ. 1753ರ ವಿವಾಹ ಕಾಯ್ದೆಯಂತೆ ಇಂಗ್ಲೆಂಡಿನಲ್ಲಿ 21 ವರ್ಷ ತುಂಬದವರು ಚರ್ಚಿನ ಲೈಸೆನ್ಸ್ ಪಡೆದು ಮದುವೆಯಾಗಲು ತಂದೆಯ ಅಥವಾ ಪೋಷಕರ ಒಪ್ಪಿಗೆ ಬೇಕಿತ್ತು. ಆ ಕಾಯ್ದೆ ಸ್ಕಾಟ್ಲೆಂಡಿಗೆ ಅನ್ವಯಿಸದ ಕಾರಣ ಓಡಿಹೋಗುವ ಜೋಡಿಗಳು ಗಡಿ ದಾಟಿ ಗ್ರೆಟ್ನಾ ಗ್ರೀನ್ ಎಂಬ ಹಳ್ಳಿ ಸೇರುತ್ತಿದ್ದರು. ನಿಮ್ಮ ಜೋಡಿ ರೈಲನ್ನು ಬಿಟ್ಟು ಕುದುರೆಗಾಡಿಯಲ್ಲಿ ಆ ದೂರವನ್ನು ಕ್ರಮಿಸಲಿ. ಪ್ರೇಮಕಥೆಗೆ ಅಷ್ಟು ದೀರ್ಘವಾದ ಏಕಾಂತ ದೊಡ್ಡ ಲಾಭವೆಂದೇ ನನ್ನ ಅಭಿಪ್ರಾಯ. ಅಕ್ಕನ ವಿಚ್ಛೇದನವನ್ನು ಮಾತ್ರ ಬೇರ್ಪಟ್ಟು ಬಾಳುವುದಕ್ಕೆ ಬದಲಿಸುವುದು ಒಳ್ಳೆಯದು, ಏಕೆಂದರೆ 1857ರ ವಿಚ್ಛೇದನ ಕಾಯ್ದೆಗೆ ಮುಂಚೆ ಮರುಮದುವೆಗೆ ಅವಕಾಶ ಕೊಡುವ ವಿಚ್ಛೇದನಕ್ಕೆ ಸಂಸತ್ತೇ ಪ್ರತ್ಯೇಕ ಕಾಯ್ದೆ ಮಾಡಬೇಕಿತ್ತು.

ಬಳಿಕ ಪತ್ರಗಳನ್ನು ನೋಡಿ. ಅಂಚೆಚೀಟಿ ಬಂದದ್ದು 1840ರಲ್ಲಿ. ಅದಕ್ಕೂ ಮೊದಲು ಸಾಮಾನ್ಯವಾಗಿ ಪತ್ರ ಪಡೆದವರೇ ಹಣ ತೆರುತ್ತಿದ್ದರು. ಕೊನೆಗೆ ಉಡುಪು: ಲಂಗವನ್ನು ಉಬ್ಬಿಸಿ ನಿಲ್ಲಿಸುವ, ಉಕ್ಕಿನ ಬಳೆಗಳ ಒಳ ಉಡುಪಾದ ಕ್ರಿನೋಲಿನ್ 1850ರ ದಶಕದ್ದು; ಕಥೆಯಲ್ಲಿದ್ದರೆ ತೆಗೆಯಿರಿ.

ರೈಲನ್ನೂ ವಿಚ್ಛೇದನವನ್ನೂ ಬಿಡಲಾಗದಿದ್ದರೆ ಕಥೆಯನ್ನು 1860ರ ದಶಕಕ್ಕೆ ಸರಿಸಿ, ಆದರೆ ಆಗಿನ ಕಾನೂನಿನಂತೆ, ಸ್ಕಾಟ್ಲೆಂಡಿನಲ್ಲಿ ನಡೆಯುವ ಮದುವೆಗೆ ಮುನ್ನ ಇಬ್ಬರಲ್ಲಿ ಒಬ್ಬರಾದರೂ ಅಲ್ಲಿ 21 ದಿನ ವಾಸವಿರುವಂತೆ ಬರೆಯಬೇಕಾಗುತ್ತದೆ.