ಫ್ಯಾಟಿ ಲಿವರ್ ಎಂದು ವರದಿ ಬಂದರೆ ವೈದ್ಯರು ಹೃದಯದ ಕಡೆಗೇಕೆ ನೋಡುತ್ತಾರೆ?

ನೀವು ಬರೆದಿರುವ ಸಂಗತಿ ಇಷ್ಟು: ಗದಗಿನವರಾದ ನಿಮಗೆ 46 ವರ್ಷ, ತೂಕ 82 ಕಿಲೋ. ಕಿಡ್ನಿ ಸ್ಟೋನ್ ಇರಬಹುದೆಂದು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದಾಗ ಕಲ್ಲು ಸಿಗಲಿಲ್ಲ, ಗ್ರೇಡ್ 2 ಫ್ಯಾಟಿ ಲಿವರ್ ಇದೆಯೆಂದು ಬಂದಿತು. ಕುಡಿಯುವ ಅಭ್ಯಾಸ ಇಲ್ಲ. ವೈದ್ಯರು ಲಿವರಿಗೆ ಟಾನಿಕ್ ಕೊಡುವ ಬದಲು ಬಿ.ಪಿ. ನೋಡಿ, ಇಸಿಜಿ ಮಾಡಿಸಿ, ಕೊಲೆಸ್ಟರಾಲ್ ಮಾತ್ರೆ ಬರೆದರು. ಆ ಮಾತ್ರೆಯಿಂದ ಲಿವರ್ ಇನ್ನಷ್ಟು ಕೆಡುತ್ತದೆ ಎಂದು ನಿಮ್ಮ ಭಾವನವರು ಹೇಳಿದ್ದರಿಂದ ನೀವು ಅದನ್ನು ಇನ್ನೂ ಶುರು ಮಾಡಿಲ್ಲ. ಲಿವರಿಗೂ ಹೃದಯಕ್ಕೂ ಏನು ಸಂಬಂಧ ಎಂಬುದು ನಿಮ್ಮ ಪ್ರಶ್ನೆ.

ನಾನು ವೈದ್ಯನಲ್ಲ; ಹುಬ್ಬಳ್ಳಿಯ ಒಂದು ಪ್ರಯೋಗಾಲಯದಲ್ಲಿ ರಕ್ತಪರೀಕ್ಷೆಯ ತಂತ್ರಜ್ಞನಾಗಿ ಕೆಲಸ ಮಾಡುತ್ತೇನೆ. ಆದ್ದರಿಂದ ಔಷಧದ ಕೊನೆಯ ಮಾತು ನಿಮ್ಮ ವೈದ್ಯರದೇ. ಆದರೆ ಅವರು ಹಿಡಿದಿರುವ ದಾರಿ ಸರಿಯಾಗಿದೆ ಎಂದು ಹೇಳಲು ನನಗೆ ಸಂಕೋಚವಿಲ್ಲ. ಫ್ಯಾಟಿ ಲಿವರ್ ಇರುವವರಲ್ಲಿ ಲಿವರ್ ಕೆಟ್ಟು ಸಾಯುವವರಿಗಿಂತ ಹೃದಯಾಘಾತ, ಪಾರ್ಶ್ವವಾಯುಗಳಂತಹ ರಕ್ತನಾಳದ ಕಾಯಿಲೆಗಳಿಂದ ಸಾಯುವವರೇ ಹೆಚ್ಚು ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ.

ಇದು ಹೇಗೆಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇದು ತಿಳಿದರೆ ಮಾತ್ರೆಯ ಭಯವೂ ಅರ್ಧ ಕಡಿಮೆಯಾಗುತ್ತದೆ. ಊಟವಾದ ಮೇಲೆ ಏರುವ ಇನ್ಸುಲಿನ್, ಮೈಯ ಕೊಬ್ಬು ಕರಗಿ ರಕ್ತಕ್ಕೆ ಬಾರದಂತೆ ತಡೆಯುತ್ತದೆ ಮತ್ತು ಸಕ್ಕರೆ ತಯಾರಿಸುವುದನ್ನು ನಿಲ್ಲಿಸುವಂತೆ ಲಿವರಿಗೆ ಸೂಚನೆ ಕೊಡುತ್ತದೆ. ಸೊಂಟದ ಸುತ್ತ ಬೊಜ್ಜು ಬೆಳೆದು, ಇನ್ಸುಲಿನ್ ಇದ್ದರೂ ಅದರ ಮಾತು ನಡೆಯದ ಸ್ಥಿತಿ ಬಂದಾಗ, ಕೊಬ್ಬಿನಾಮ್ಲಗಳು ಹಗಲೂ ರಾತ್ರಿ ರಕ್ತಕ್ಕೆ ಸೋರಿ ಲಿವರಿನಲ್ಲಿ ಸೇರಿಕೊಳ್ಳುತ್ತವೆ. ಸಾಲದ್ದಕ್ಕೆ, ಹೆಚ್ಚಾದ ಸಕ್ಕರೆ ಮತ್ತು ಪಿಷ್ಟದಿಂದ ಲಿವರ್ ತಾನೂ ಹೊಸದಾಗಿ ಕೊಬ್ಬು ತಯಾರಿಸುತ್ತದೆ. ಹೀಗೆ ತುಂಬಿದ ಲಿವರ್ ತನ್ನ ಹೊರೆಯನ್ನು ಇಳಿಸಿಕೊಳ್ಳಲು ವಿಎಲ್‌ಡಿಎಲ್ ಎಂಬ ಕಣಗಳಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನು ತುಂಬಿ ರಕ್ತಕ್ಕೆ ಕಳಿಸುತ್ತಲೇ ಇರುತ್ತದೆ. ಇದರಿಂದ ಒಳ್ಳೆಯ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ ಇಳಿಯುತ್ತದೆ, ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್‌ನ ಕಣಗಳು ಸಣ್ಣವೂ ಸಾಂದ್ರವೂ ಆಗಿ ರಕ್ತನಾಳದ ಗೋಡೆಯೊಳಗೆ ಸುಲಭವಾಗಿ ನುಸುಳುತ್ತವೆ. ಬೆಳಗಿನ ಖಾಲಿ ಹೊಟ್ಟೆಯ ಶುಗರ್ ಏರುತ್ತದೆ, ಉರಿಯೂತದ ಸಿಆರ್‌ಪಿ ಮತ್ತು ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೋಜನ್ ಸಹ ಲಿವರಿನಲ್ಲಿ ಹೆಚ್ಚಾಗಿ ತಯಾರಾಗುತ್ತವೆ. ಇವೆಲ್ಲವೂ ಹೋಗಿ ತಗಲುವುದು ರಕ್ತನಾಳಕ್ಕೆ. ಅಂದರೆ ಸ್ಕ್ಯಾನಿಂಗಿನಲ್ಲಿ ಲಿವರ್ ಪಕ್ಕದ ಬಲ ಕಿಡ್ನಿಗಿಂತ ಬೆಳ್ಳಗೆ ಹೊಳೆದು ಕಾಣುವಷ್ಟು ಕೊಬ್ಬು ತುಂಬುವ ವೇಳೆಗೆ, ಹೃದಯದ ನಾಳಗಳ ಮೇಲೂ ಅದೇ ಕಾರಣಗಳು ಕೆಲಸ ಆರಂಭಿಸಿರುವ ಸಾಧ್ಯತೆ ಇರುತ್ತದೆ.

ನನ್ನ ಮೇಜಿನ ಮೇಲೆ ಇದು ಕಣ್ಣಿಗೇ ಕಾಣುತ್ತದೆ. ರಕ್ತವನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದಾಗ ಮೇಲೆ ನಿಲ್ಲುವ ಸೀರಮ್ ಸಾಮಾನ್ಯವಾಗಿ ತಿಳಿಹಳದಿಯಾಗಿ, ಆಚೆಯ ಅಕ್ಷರ ಓದಬಹುದಾದಷ್ಟು ಸ್ವಚ್ಛವಾಗಿರುತ್ತದೆ. ಟ್ರೈಗ್ಲಿಸರೈಡ್ ಬಹಳ ಏರಿದವರ ಸೀರಮ್ ಮಂಜುಮಂಜಾಗಿ, ಇನ್ನೂ ಏರಿದರೆ ತೆಳು ಮಜ್ಜಿಗೆಯಂತೆ ಕಾಣುತ್ತದೆ. ಟ್ರೈಗ್ಲಿಸರೈಡ್ 400 ದಾಟಿದ ಮೇಲೆ ಸೂತ್ರದಿಂದ ಲೆಕ್ಕ ಹಾಕಿದ ಎಲ್‌ಡಿಎಲ್ ಅಂಕಿಯನ್ನು ನಂಬುವಂತಿಲ್ಲ. ಅದನ್ನು ನೇರವಾಗಿ ಅಳೆಯಬೇಕಾಗುತ್ತದೆ. ನಿಮ್ಮದು ಅಷ್ಟು ದೂರ ಹೋಗಿಲ್ಲ.

ಈಗ ನಿಮ್ಮ ಅಂಕಿಗಳನ್ನೇ ನೋಡೋಣ. 2023ರಲ್ಲಿ ಅಂತರರಾಷ್ಟ್ರೀಯ ತಜ್ಞರು ಈ ಕಾಯಿಲೆಯ ವ್ಯಾಖ್ಯೆಯನ್ನೇ ಬದಲಿಸಿ, ಲಿವರಿನ ಕೊಬ್ಬಿನ ಜೊತೆಗೆ ಹೃದಯಕ್ಕೂ ಚಯಾಪಚಯಕ್ಕೂ ಸಂಬಂಧಿಸಿದ ಐದು ಅಂಶಗಳಲ್ಲಿ ಒಂದಾದರೂ ಇರಬೇಕೆಂದು ನಿಗದಿಪಡಿಸಿದರು. ನಿಮ್ಮ ಸೊಂಟದ ಸುತ್ತಳತೆ 98 ಸೆಂ.ಮೀ. (ನಮ್ಮ ದೇಶದ ಗಂಡಸರಿಗೆ 90ರೊಳಗಿರಬೇಕು), ಬಿ.ಪಿ. 138/88 (ಮಿತಿ 130/85), ಖಾಲಿ ಹೊಟ್ಟೆಯ ಶುಗರ್ 112 (100ರೊಳಗೆ), ಟ್ರೈಗ್ಲಿಸರೈಡ್ 262 (150ರೊಳಗೆ), ಎಚ್‌ಡಿಎಲ್ 34 (40ಕ್ಕಿಂತ ಹೆಚ್ಚು). ಒಂದು ಸಾಕಾಗಿದ್ದ ಕಡೆ ನಿಮ್ಮಲ್ಲಿ ಐದಕ್ಕೆ ಐದೂ ಇವೆ. ಎಲ್‌ಡಿಎಲ್ 118 ಎಂಬುದು ನೋಡಲು ಅಷ್ಟೇನೂ ಹೆಚ್ಚಿಲ್ಲ ಎನಿಸಬಹುದು. ಆದರೆ ಒಟ್ಟು ಕೊಲೆಸ್ಟರಾಲ್ 204ರಲ್ಲಿ ಎಚ್‌ಡಿಎಲ್ 34 ಕಳೆದರೆ ಉಳಿಯುವ 170 ಸಂಪೂರ್ಣವಾಗಿ ರಕ್ತನಾಳಕ್ಕೆ ತೊಂದರೆ ಕೊಡುವ ಕಣಗಳಲ್ಲಿರುವ ಕೊಲೆಸ್ಟರಾಲ್. ಇಂತಹ ವರದಿಯಲ್ಲಿ ನಾನು ಮೊದಲು ನೋಡುವುದು ಈ ಅಂಕಿಯನ್ನೇ. ಇಸಿಜಿ ಸರಿಯಾಗಿ ಬಂದಿದ್ದಕ್ಕೆ ಸಮಾಧಾನಪಡಿ, ಆದರೆ ನಾಳಗಳಲ್ಲಿ ಕೊಬ್ಬು ಕಟ್ಟಿಲ್ಲ ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಇನ್ನು ನಿಮ್ಮ ಭಾವನವರ ಮಾತು. ಸ್ಟ್ಯಾಟಿನ್ ಗುಂಪಿನ ಈ ಮಾತ್ರೆ ಶುರುವಾದ ಮೇಲೆ ಕೆಲವರಲ್ಲಿ ಎಸ್‌ಜಿಪಿಟಿ (ಲಿವರಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವ) ತುಸು ಏರುವುದು ನಿಜ, ಅದು ಬಹುತೇಕ ತಾನಾಗಿಯೇ ಇಳಿಯುತ್ತದೆ. ಲಿವರಿಗೆ ಗಂಭೀರ ಹಾನಿಯಾಗುವುದು ಅತಿ ವಿರಳ. ಸಾಮಾನ್ಯ ಮಿತಿಯ ಮೂರು ಪಟ್ಟು ದಾಟಿ ಏರಿ ಹಾಗೆಯೇ ನಿಂತರೆ ವೈದ್ಯರು ಮಾತ್ರೆ ನಿಲ್ಲಿಸುವ ಬಗ್ಗೆ ಯೋಚಿಸುತ್ತಾರೆ. ನಿಮ್ಮ ಎಸ್‌ಜಿಪಿಟಿ 52, ಅಂದರೆ ಮಿತಿಗಿಂತ ಸ್ವಲ್ಪವೇ ಮೇಲೆ, ಅದಕ್ಕೂ ಕಾರಣ ಬಹುಶಃ ಈ ಕೊಬ್ಬೇ. ಫ್ಯಾಟಿ ಲಿವರ್ ಇದೆಯೆಂಬ ಒಂದೇ ಕಾರಣಕ್ಕೆ ಸ್ಟ್ಯಾಟಿನ್ ತಪ್ಪಿಸಬಾರದೆಂದು ಲಿವರ್ ತಜ್ಞರ ಮಾರ್ಗಸೂಚಿಗಳೇ ಹೇಳುತ್ತವೆ. ನನಗೆ ಹೆಚ್ಚು ಆತಂಕವಾಗುವುದು ಯಾರೂ ಅಳೆಯದ ಪುಡಿ, ಕಷಾಯಗಳ ಬಗ್ಗೆ. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಲಿವರಿಗೆ ಪೆಟ್ಟು ಬಿದ್ದ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರೇ ಪ್ರಕಟಿಸಿದ್ದಾರೆ. "ನಾಟಿ ಔಷಧ, ಏನೂ ಆಗೋದಿಲ್ಲ" ಎಂದು ಅದನ್ನು ಧೈರ್ಯದಿಂದ ಕುಡಿದು ಮಾತ್ರೆಗೆ ಹೆದರುವುದು ನನಗೆ ಅರ್ಥವಾಗದ ಲೆಕ್ಕ. ಬೇರೆ ಯಾವುದಾದರೂ ಮಾತ್ರೆ ಮೊದಲಿನಿಂದ ನಡೆದಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ, ಏಕೆಂದರೆ ಸ್ಟೀರಾಯ್ಡ್‌ಗಳಿಂದಲೂ, ಹೃದಯದ ಬಡಿತಕ್ಕೆ ಕೊಡುವ ಅಮಿಯೋಡರೋನ್ ಎಂಬ ಔಷಧದಿಂದಲೂ ಲಿವರಿನಲ್ಲಿ ಕೊಬ್ಬು ಸೇರಬಹುದು. ಹೆಪಟೈಟಿಸ್ ಬಿ, ಸಿ ಮತ್ತು ಥೈರಾಯ್ಡ್ ಪರೀಕ್ಷೆಗಳು ಆಗಿಲ್ಲದಿದ್ದರೆ ಅವುಗಳ ಬಗ್ಗೆಯೂ ಕೇಳಿ.

ಊಟದ ವಿಷಯದಲ್ಲಿ ನೀವು "ಎಣ್ಣೆ ಪೂರಾ ಬಿಟ್ಟಿದ್ದೇನೆ" ಎಂದು ಬರೆದಿದ್ದೀರಿ. ನಮ್ಮಲ್ಲಿಗೆ ಬರುವ ಅನೇಕರೂ ಇದನ್ನೇ ಹೇಳುತ್ತಾರೆ, ಟ್ರೈಗ್ಲಿಸರೈಡ್ ಮಾತ್ರ ಇದ್ದಲ್ಲೇ ಇರುತ್ತದೆ. ಲಿವರಿನಲ್ಲಿ ಸೇರುವ ಕೊಬ್ಬಿನಲ್ಲಿ ಊಟದ ಕೊಬ್ಬಿನಿಂದ ನೇರವಾಗಿ ಬರುವ ಪಾಲು ಚಿಕ್ಕದು. ದೊಡ್ಡ ಪಾಲು ಮೈಯ ಬೊಜ್ಜಿನಿಂದಲೂ, ಮತ್ತೊಂದು ಪಾಲು ಸಕ್ಕರೆ-ಪಿಷ್ಟದಿಂದ ಲಿವರ್ ತಾನೇ ತಯಾರಿಸುವುದರಿಂದಲೂ ಬರುತ್ತದೆ. ಅಂಗಡಿಯಲ್ಲಿ ಕೂತಾಗ ದಿನಕ್ಕೆ ಐದು ಚಹಾ ಆಗುತ್ತದೆ ಎಂದಿದ್ದೀರಿ. ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಎಂದರೆ ದಿನಕ್ಕೆ 40ರಿಂದ 50 ಗ್ರಾಂ ಆಯಿತು. ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಜೋಳದ ರೊಟ್ಟಿ, ಕಾಳುಪಲ್ಯ, ಹಸಿ ಮೆಂತ್ಯದ ಸೊಪ್ಪು, ಮೊಸರು ಇರುವ ನಮ್ಮ ಕಡೆಯ ಊಟದಲ್ಲಿ ದೋಷ ಹುಡುಕುವ ಅಗತ್ಯ ನನಗೆ ಕಾಣುವುದಿಲ್ಲ. ತೊಂದರೆ ಇರುವುದು ರೊಟ್ಟಿಯ ನಂತರ ಮತ್ತೆ ತಟ್ಟೆ ತುಂಬ ಅನ್ನ ಹಾಕಿಸಿಕೊಳ್ಳುವುದರಲ್ಲಿ, ಸಂಜೆ ಗಿರ್ಮಿಟ್ಟಿನ ಜೊತೆ ಬರುವ ಮಿರ್ಚಿ ಭಜಿಯಲ್ಲಿ ಮತ್ತು ಯಾರೋ ಧಾರವಾಡಕ್ಕೆ ಹೋಗಿ ಬಂದಾಗಲೆಲ್ಲ ಮನೆಗೆ ಬರುವ ಪೇಡೆಯ ಡಬ್ಬಿಯಲ್ಲಿ.

ತೂಕದಲ್ಲಿ ನೂರಕ್ಕೆ 5ರಷ್ಟು, ಅಂದರೆ ನಿಮಗೆ ಸುಮಾರು 4 ಕಿಲೋ ಇಳಿದರೆ ಲಿವರಿನ ಕೊಬ್ಬು ಕಡಿಮೆಯಾಗತೊಡಗುತ್ತದೆ. 7ರಿಂದ 10ರಷ್ಟು, ಅಂದರೆ 6ರಿಂದ 8 ಕಿಲೋ ಇಳಿದರೆ ಉರಿಯೂತವೂ ತಗ್ಗುತ್ತದೆ. ಇದನ್ನು ಆರು ತಿಂಗಳಲ್ಲಿ, ಆತುರವಿಲ್ಲದೆ ಮಾಡಬೇಕು. ಉಪವಾಸ ಬಿದ್ದು ಒಮ್ಮೆಗೇ ಇಳಿಸುವುದು ಲಿವರಿಗೂ ಒಳ್ಳೆಯದಲ್ಲ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆದರೆ, ತಕ್ಕಡಿಯ ಮುಳ್ಳು ಅಲುಗಾಡದಿದ್ದರೂ ಲಿವರಿನ ಕೊಬ್ಬು ಸ್ವಲ್ಪ ಇಳಿಯುತ್ತದೆ. ಭೀಷ್ಮ ಕೆರೆಯ ಸುತ್ತ ಮಾತನಾಡುತ್ತ ಅಡ್ಡಾಡುವ ನಡಿಗೆಯನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಮಾತನಾಡಬಹುದು, ಆದರೆ ಹಾಡಲು ಆಗಬಾರದು, ಅಷ್ಟು ವೇಗ ಬೇಕು. ನಡೆಯುವಾಗ ಎದೆ ಒತ್ತಿದಂತಾದರೆ, ಎಡಗೈಗೋ ದವಡೆಗೋ ನೋವು ಹರಿದರೆ, ರಕ್ತ ಪರೀಕ್ಷೆಗೆಂದು ನಮ್ಮಂತಹವರ ಬಳಿ ಬರದೆ ನೇರವಾಗಿ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.

ಗ್ರೇಡ್ 2 ಎಂಬುದು ಕೊಬ್ಬು ಎಷ್ಟಿದೆ ಎಂಬುದನ್ನಷ್ಟೇ ಅಂದಾಜಿಸುತ್ತದೆ; ಲಿವರ್ ಗಟ್ಟಿಯಾಗುತ್ತಿದೆಯೇ ಎಂಬುದನ್ನು ಹೇಳುವುದಿಲ್ಲ. ಅದಕ್ಕೆ ಫಿಬ್-4 ಎಂಬ ಸರಳ ಲೆಕ್ಕವಿದೆ: ವಯಸ್ಸನ್ನು ಎಸ್‌ಜಿಒಟಿಯಿಂದ (ಎಸ್‌ಜಿಪಿಟಿಯಂತಹದೇ ಇನ್ನೊಂದು ಕಿಣ್ವ) ಗುಣಿಸಿ, ಬಂದದ್ದನ್ನು ಪ್ಲೇಟ್‌ಲೆಟ್ ಸಂಖ್ಯೆ ಮತ್ತು ಎಸ್‌ಜಿಪಿಟಿಯ ವರ್ಗಮೂಲದ ಗುಣಲಬ್ಧದಿಂದ ಭಾಗಿಸಬೇಕು. ನಿಮ್ಮ ಎಸ್‌ಜಿಒಟಿ 38, ಪ್ಲೇಟ್‌ಲೆಟ್ 2.2 ಲಕ್ಷ (ಲೆಕ್ಕದಲ್ಲಿ 220 ಎಂದು ಹಿಡಿಯಬೇಕು) ಆಗಿರುವುದರಿಂದ ಉತ್ತರ ಸುಮಾರು 1.1 ಬರುತ್ತದೆ. 1.3ಕ್ಕಿಂತ ಕಡಿಮೆ ಇದ್ದರೆ ಲಿವರ್ ಗಟ್ಟಿಯಾಗಿರುವ ಅಪಾಯ ಕಡಿಮೆ, 2.67 ದಾಟಿದರೆ ಲಿವರ್ ತಜ್ಞರನ್ನು ಕಾಣಬೇಕು. ನಡುವೆ ಬಂದರೆ ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸುತ್ತಾರೆ. ಈ ಲೆಕ್ಕದ ಪ್ರಕಾರ ಸದ್ಯ ನಿಮ್ಮ ಲಿವರಿಗಿಂತ ಹೃದಯದ ಬಗ್ಗೆಯೇ ಹೆಚ್ಚು ಎಚ್ಚರ ಬೇಕು, ಮತ್ತು ನಿಮ್ಮ ವೈದ್ಯರು ಬರೆದ ಚೀಟಿಯೂ ಅದಕ್ಕೆ ತಕ್ಕಂತೆಯೇ ಇದೆ.

ಮಾತ್ರೆ ಶುರು ಮಾಡಿದ ಎರಡು-ಮೂರು ತಿಂಗಳಿಗೆ ಲಿಪಿಡ್ ಪ್ರೊಫೈಲ್, ಎಸ್‌ಜಿಪಿಟಿ ಮತ್ತು ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಶುಗರಿನ ಸರಾಸರಿ ತಿಳಿಸುವ ಪರೀಕ್ಷೆ) ಮಾಡಿಸಿ ಹಳೆಯ ವರದಿಯ ಪಕ್ಕದಲ್ಲಿಟ್ಟು ವೈದ್ಯರಿಗೆ ತೋರಿಸಿ. ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಮಾಡಿಸಿ ಗ್ರೇಡ್ ಇಳಿಯಿತೇ ಎಂದು ನೋಡುವುದರಲ್ಲಿ ಪ್ರಯೋಜನವಿಲ್ಲ. ರಕ್ತ ಕೊಡುವ ಹಿಂದಿನ ರಾತ್ರಿ ಊಟವಾದ ಮೇಲೆ ಹತ್ತು-ಹನ್ನೆರಡು ತಾಸು ನೀರಿನ ಹೊರತು ಏನನ್ನೂ ತೆಗೆದುಕೊಳ್ಳಬಾರದು. ಬೆಳಗಿನ ಒಂದು ಕಪ್ ಚಹಾ ಕುಡಿದು ಬಂದರೂ ಶುಗರಿನ ಮತ್ತು ಟ್ರೈಗ್ಲಿಸರೈಡಿನ ಅಂಕಿ ವ್ಯತ್ಯಾಸವಾಗುತ್ತದೆ.